ಗೂಡ್ಸ್ ಗಾಡಿಗೆ ದಾರಿ ಬಿಟ್ಟ ದಿನ

ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಇದನ್ನು ನಾನು ಹೇಳಿಕೊಳ್ಳುವ ಧಾಟಿ ಕೇಳಿದರೆ ಅರಮನೆಯಲ್ಲಿ ಬೆಳೆದವಳಿರಬೇಕು ಅಂತ ಯಾರಾದರೂ ಅಂದುಕೊಂಡಾರು. ಅಪ್ಪ ಮೈಸೂರು ಕಡೆಯ ಒಂದು ಸಣ್ಣ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ನಮ್ಮ ಮನೆಯ ಹಿಂದಿನ ಗೋಡೆಗೂ ಹಳಿಗೂ ನಡುವೆ ಒಂದು ನುಗ್ಗೆ ಮರ ಹಿಡಿಸುವಷ್ಟೇ ಜಾಗ. ಮೇಲ್ ಗಾಡಿ ಹೋದಾಗ ಅಡುಗೆಮನೆಯ ಲೋಟಗಳೆಲ್ಲ ಗಲಗಲ ಅನ್ನುತ್ತಿದ್ದವು. ಹೀಗಾಗಿ ರೈಲಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ, ಇಪ್ಪತ್ತು ವರ್ಷ ಅಮೆರಿಕದಲ್ಲಿ ಕಾರು ಓಡಿಸಿದ ಮೇಲೂ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ, ಅಕ್ಟೋಬರಿನ ಒಂದು ಶನಿವಾರ, ಅದು ಇಳಿಯಿತು.

ಆವತ್ತು ವರ್ಜೀನಿಯಾದ ಆಶ್‌ಬರ್ನಿನಲ್ಲಿ ನನ್ನ ತಮ್ಮನ ಮಗಳ ನಾಮಕರಣ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಲ್ಲಿನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕತಂಗಿಯರದು. ಅವನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಮಗುವಿಗೆ ಬೆಳಿಗ್ಗೆ ಹೋಮ, ಸಂಜೆ ಗೋಧೂಳಿಯಲ್ಲಿ ತೊಟ್ಟಿಲು ಶಾಸ್ತ್ರ. ತಮ್ಮ ನನಗೆ ಕಳಿಸಿದ ಮೆಸೇಜು ಇಷ್ಟೇ: ‘ಸಂಜೆ ಐದಕ್ಕೆ. ಐದು ಅಂದ್ರೆ ಐದೇ ಅಕ್ಕ.’

ಈ ಕೊನೆಯ ವಾಕ್ಯಕ್ಕೆ ಒಂದು ಚರಿತ್ರೆಯಿದೆ. ನಾನು ತಡವಾಗಿ ಬರುವವಳು. ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ನಾನು ಕೆಲಸ ಮಾಡುವುದು ಒಂದು ಔಷಧಿ ಲ್ಯಾಬಿನಲ್ಲಿ, ಅಲ್ಲಿ ಸೆಕೆಂಡುಗಳ ಲೆಕ್ಕ. ಆ ಶಿಸ್ತೆಲ್ಲ ಅಲ್ಲೇ ಖರ್ಚಾಗಿ ಮನೆಗೆ ಬರುವಾಗ ಏನೂ ಉಳಿದಿರುವುದಿಲ್ಲ ಅನ್ನುವುದು ನನ್ನ ವಾದ. ಸ್ನಾನಕ್ಕೆ ಹೋಗುವ ಮುಂಚೆ ‘ಹೊರಟೆ’ ಅಂತ ಮೆಸೇಜು ಹಾಕುತ್ತೇನೆ. ಸೀರೆ ಆರಿಸುತ್ತ ‘ಟ್ರಾಫಿಕ್ಕಲ್ಲಿದ್ದೀನಿ’ ಅಂತ ಇನ್ನೊಂದು. ಇಡೀ ಬಳಗಕ್ಕೆ ಇದು ಗೊತ್ತು. ನನಗೆ ಮಾತ್ರ ಒಂದು ಗಂಟೆ ಮುಂಚಿನ ಹೊತ್ತು ಹೇಳುತ್ತಾರೆ, ಹಾಗೆ ಹೇಳುತ್ತಾರೆಂದು ನನಗೂ ಗೊತ್ತಿರುವುದರಿಂದ ನಾನು ಒಂದೂವರೆ ಗಂಟೆ ತಡ ಮಾಡುತ್ತೇನೆ.

ತಮ್ಮನ ಮದುವೆಯಲ್ಲಿ ಇದು ವಿಪರೀತಕ್ಕೆ ಹೋಯಿತು. ಮದುಮಗನ ಪಕ್ಕ ಕಳಸ ಹಿಡಿದು ನಿಲ್ಲಬೇಕಾದ ಕಳಸಗಿತ್ತಿ ನಾನು. ಆವತ್ತು ಬೆಳಿಗ್ಗೆ ಮೈಸೂರಿನ ಬ್ಯೂಟಿ ಪಾರ್ಲರಿನಲ್ಲಿ ನನ್ನ ಜಡೆ ನನಗೆ ಒಪ್ಪಿಗೆಯಾಗದೆ ಎರಡು ಸಲ ಬಿಚ್ಚಿ ಹಾಕಿಸಿಕೊಂಡೆ. ಗಟ್ಟಿಮೇಳ ಕೇಳಿಸಿದಾಗ ನಾನಿನ್ನೂ ಛತ್ರದ ಎದುರು ಆಟೋದವನ ಹತ್ತಿರ ಚಿಲ್ಲರೆಗೆ ಜಗಳ ಕಾಯುತ್ತಿದ್ದೆ. ಒಳಗೆ ಹೋದರೆ ಪಕ್ಕದ ಮನೆಯ ಹುಡುಗಿ ಕಳಸ ಹಿಡಿದು ನಗುತ್ತ ನಿಂತಿದ್ದಾಳೆ.  ಆಶ್‌ಬರ್ನಿನ ತಮ್ಮನ ಮನೆಯ ಹಾಲಿನಲ್ಲಿ ದೊಡ್ಡದು ಮಾಡಿಸಿ ಹಾಕಿರುವ ಫೋಟೋ ಅದೇ: ಅವನು, ಹೆಂಡತಿ, ಪಕ್ಕದ ಮನೆಯ ಹುಡುಗಿ. ಪ್ರತಿ ಸಲ ಹೋದಾಗಲೂ ಆ ಫೋಟೋದ ಕೆಳಗಿನ ಸೋಫಾದಲ್ಲಿ ಬೆನ್ನು ಹಾಕಿ ಕೂರುತ್ತಿದ್ದೆ. ಎದುರಿಗೆ ಕೂತರೆ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಫೋನಿನಲ್ಲಿ ಅವನು ನೇರವಾಗಿ ಹೇಳಿದ್ದ. “ನೋಡಕ್ಕ, ಗೋಧೂಳಿ ನಿಂಗೋಸ್ಕರ ಕಾಯಲ್ಲ. ನೀನು ಬರ್ಲಿಲ್ಲ ಅಂದ್ರೆ ಆಲ್ಡಿಯವಳ ಕೈಲಿ ಹೇಳಿಸ್ತೀನಿ.”

ಆಲ್ಡಿಯವಳು ಅಂದರೆ ಅಲ್ಲೇ ಹತ್ತಿರದ ಆಲ್ಡಿ ಅನ್ನುವ ಊರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು. ತಮ್ಮನ ಮನೆಗೆ ಕಾರಿನಲ್ಲಿ ಕಾಲು ಗಂಟೆ. ಎಲ್ಲ ಕಡೆ ಅರ್ಧ ಗಂಟೆ ಮುಂಚೆ ಬಂದು, ಸೆರಗು ಸಿಕ್ಕಿಸಿ, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ‘ಅಕ್ಕ ಎಲ್ಲಿಗೆ ಬಂದ್ರಂತೆ?’ ಅಂತ ಕೇಳುವವಳು. ಒಳ್ಳೆಯವಳೇ. ಅದೇ ಕಷ್ಟ.

ಹೋಗುವುದು ಹೇಗೆ ಅನ್ನುವುದೇ ಪ್ರಶ್ನೆಯಾಯಿತು. ಬಲಗಣ್ಣಿಗೆ ಸಣ್ಣ ಆಪರೇಷನ್ ಆಗಿ ಎರಡು ವಾರ ಸ್ಟೀರಿಂಗ್ ಮುಟ್ಟಬೇಡಿ ಅಂದಿದ್ದರು ಡಾಕ್ಟರು. ಗಂಡನಿಗೆ ಆ ವಾರಾಂತ್ಯ ಆಫೀಸಿನ ಆನ್‌ಕಾಲ್. “ಶುಕ್ರವಾರ ಮಧ್ಯಾಹ್ನ ಫ್ಲೈಟಲ್ಲಿ ಬಂದುಬಿಡು” ಅಂದ ತಮ್ಮ. ನಾನು ಟೈಮ್‌ಟೇಬಲ್ ನೋಡಿದೆ. ಕ್ಯಾರಿಯಿಂದ ಶನಿವಾರ ಬೆಳಿಗ್ಗೆ ಹತ್ತಕ್ಕೆ ರೈಲು. ಅಲೆಕ್ಸಾಂಡ್ರಿಯಾ ತಲುಪುವುದು ಸಂಜೆ ನಾಲ್ಕಕ್ಕೆ. ಅಲ್ಲಿಂದ ಕಾರಿನಲ್ಲಿ ಐವತ್ತು ನಿಮಿಷ. ಐದಕ್ಕೆ ಶಾಸ್ತ್ರ.

“ಹತ್ತು ನಿಮಿಷ ಕೈಯಲ್ಲಿರತ್ತೆ ಕಣೋ,” ಅಂದೆ.

“ಅಕ್ಕ, ಬೇಡ.”

“ರೈಲು ಕಣೋ. ನಾವು ಯಾರ ಮಕ್ಕಳು?”

ಅವನು ನಿಟ್ಟುಸಿರು ಬಿಟ್ಟದ್ದು ವರ್ಜೀನಿಯಾದಿಂದ ಸ್ಪಷ್ಟವಾಗಿ ಕೇಳಿಸಿತು.

ಶನಿವಾರ ನಾನು ಒಂಬತ್ತು ಇಪ್ಪತ್ತಕ್ಕೇ ಕ್ಯಾರಿ ಸ್ಟೇಷನ್ನಿನಲ್ಲಿದ್ದೆ. ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಕೋಡುಬಳೆ, ರೇಷ್ಮೆ ಸೀರೆಯ ಚೀಲ, ಮಗುವಿಗೆ ಬೆಳ್ಳಿ ಬಟ್ಟಲು. ರೈಲು ಬಂದಾಗ ಇಷ್ಟುದ್ದದ ಗಾಡಿಗೆ ಒಂದೆರಡೇ ಬಾಗಿಲು ತೆರೆದವು. ಕಂಡಕ್ಟರು ಒಂದು ಸ್ಟೂಲು ತಂದು ಕೆಳಗಿಟ್ಟು, ದೇವಸ್ಥಾನದಲ್ಲಿ ತೀರ್ಥಕ್ಕೆ ನಿಲ್ಲಿಸುವ ಹಾಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹತ್ತಿಸಿಕೊಂಡರು. ಪ್ರಪಂಚದ ಅತಿ ಶ್ರೀಮಂತ ದೇಶ, ರೈಲು ಹತ್ತಲು ಸ್ಟೂಲು. ನನ್ನ ಜಂಬ ಇನ್ನೂ ಎರಡಿಂಚು ಏರಿತು. ಒಳಗೆ ಮೊಸರು ಹೆಪ್ಪುಗಟ್ಟದಷ್ಟು ಚಳಿ. ತಿಂಡಿ ಡಬ್ಬಿಯಲ್ಲಿ, ಅಂದರೆ ಅವರು ಕೆಫೆ ಅನ್ನುವಲ್ಲಿ, ಸಸ್ಯಾಹಾರಿಗಳಿಗೆ ಒಂದು ಚೀಸ್ ಪಿಜ್ಜಾ ಇತ್ತು. ನಾನು ಹೋಗಿ ಕೇಳುವಷ್ಟರಲ್ಲಿ ಅದೂ ಮುಗಿದಿತ್ತು.

ನನ್ನ ಪಕ್ಕ ರಾಲಿಯಲ್ಲಿ ಹತ್ತಿದ, ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕೂತರು. ಪ್ರತಿ ತಿಂಗಳೂ ಬಾಲ್ಟಿಮೋರಿನಲ್ಲಿರುವ ತಂಗಿಯನ್ನು ನೋಡಲು ಇದೇ ಗಾಡಿಯಲ್ಲಿ ಹೋಗುತ್ತಾರಂತೆ. ಕಂಬಳಿ, ದಿಂಬು, ಎರಡು ಸ್ಯಾಂಡ್‌ವಿಚ್, ಪದಬಂಧದ ದಪ್ಪ ಪುಸ್ತಕ ಎಲ್ಲ ಸೀಟಿನ ಸುತ್ತ ಜೋಡಿಸಿಕೊಂಡರು. ಆರೇಳು ಗಂಟೆಯ ಪ್ರಯಾಣಕ್ಕೆ ಈ ಪರಿ ಸಂಸಾರ ಯಾಕೆ ಅಂತ ನನಗೆ ನಗು ಬಂತು. ಆಗ ಅರ್ಥವಾಗಲಿಲ್ಲ.

ರಾಕಿ ಮೌಂಟ್ ದಾಟಿ ಒಂದಿಷ್ಟು ಹೊತ್ತಾಗಿತ್ತು, ಗಾಡಿ ನಿಧಾನವಾಗಿ ಪಕ್ಕದ ಹಳಿಗೆ ಸರಿದು ನಿಂತಿತು. ಎರಡೂ ಕಡೆ ಹತ್ತಿಯ ಹೊಲ, ಕಣ್ಣು ಹಾಯುವವರೆಗೆ ಬಿಳಿ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೈಕಿನಲ್ಲಿ ಕಂಡಕ್ಟರು ಏನೋ ಹೇಳಿದರು. ನನಗೆ ಕೇಳಿಸಿದ್ದನ್ನು ನಂಬಲಾಗಲಿಲ್ಲ, ಪಕ್ಕದವರನ್ನು ಕೇಳಿದೆ.

“ಗೂಡ್ಸ್ ಗಾಡಿ ಬರುತ್ತಿದೆಯಂತೆ,” ಅಂದರು, ಪದಬಂಧದಿಂದ ತಲೆ ಎತ್ತದೆ. “ಅದು ಹೋದ ಮೇಲೆ ನಾವು.”

“ಪ್ಯಾಸೆಂಜರ್ ಗಾಡಿ ಗೂಡ್ಸಿಗೆ ಕಾಯುವುದೇ?”

“ಹಳಿ ಗೂಡ್ಸ್ ಕಂಪನಿಯವರದು. ಅವರಿಗೆ ತೋಚಿದಾಗ ನಮ್ಮನ್ನು ಬಿಡುತ್ತಾರೆ.”

ನನಗೆ ಅವಮಾನವಾಯಿತು. ಅಂಥಿಂಥ ಅವಮಾನ ಅಲ್ಲ, ವಂಶಕ್ಕೇ ಆದ ಅವಮಾನ. ಅಪ್ಪನ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಅಂದರೆ ಮೂಲೆಯಲ್ಲಿ ಕೂರಬೇಕಾದ ಬಡ ನೆಂಟ. ಪ್ಯಾಸೆಂಜರ್ ಬರುತ್ತದೆ ಅಂದರೆ ಅದನ್ನು ಪಕ್ಕದ ಲೂಪ್ ಲೈನಿಗೆ ತಳ್ಳಿ, ಅರ್ಧ ದಿನ ಬೇಕಾದರೂ ನಿಲ್ಲಿಸುತ್ತಿದ್ದರು. ಅದರ ಡ್ರೈವರು ನಮ್ಮ ಮನೆ ಬಾವಿಯಲ್ಲಿ ನೀರು ಸೇದಿ ಸ್ನಾನ ಮಾಡಿ, ಬಟ್ಟೆ ಒಗೆದು ನುಗ್ಗೆ ಮರಕ್ಕೆ ಒಣಹಾಕುತ್ತಿದ್ದ. ಮನುಷ್ಯರು ಮೊದಲು, ಸಿಮೆಂಟು ಆಮೇಲೆ. ಇಲ್ಲಿ ನಾನು, ಸೋದರತ್ತೆ, ಬೆಳ್ಳಿ ಬಟ್ಟಲಿನ ಸಮೇತ ಲೂಪ್ ಲೈನಿನಲ್ಲಿ. ಅದೋ, ಎದುರಿಗೆ ಕಂಟೈನರು, ಕಲ್ಲಿದ್ದಲು, ಯಾವುದೋ ಎಣ್ಣೆಯ ಟ್ಯಾಂಕುಗಳು ಮೆರವಣಿಗೆ ಹೊರಟಿವೆ. ಚಿಕ್ಕಂದಿನ ಅಭ್ಯಾಸದಂತೆ ಡಬ್ಬಿ ಎಣಿಸಲು ಶುರು ಮಾಡಿದೆ. ನೂರು ದಾಟಿದ ಮೇಲೆ ಕೋಪಕ್ಕೆ ಲೆಕ್ಕ ತಪ್ಪಿತು.

ತಮ್ಮನಿಗೆ ಮೆಸೇಜು ಹಾಕಿದೆ: ‘ಗೂಡ್ಸ್ ಗಾಡಿಗೋಸ್ಕರ ನಮ್ಮ ಗಾಡಿ ನಿಲ್ಲಿಸಿದಾರೆ. ಒಂದು ಗಂಟೆ ಲೇಟು.’ ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಇದಕ್ಕಿಂತ ನನ್ನ ‘ಟ್ರಾಫಿಕ್ಕಲ್ಲಿದ್ದೀನಿ’ ಎಷ್ಟೋ ಮರ್ಯಾದೆಯ ಸುಳ್ಳು. ಸಾಕ್ಷಿಗಿರಲಿ ಅಂತ ಕಿಟಕಿಯಿಂದ ವಿಡಿಯೋ ತೆಗೆದು ಕಳಿಸಿದೆ. ಅವನಿಂದ ಒಂದು ಹೆಬ್ಬೆರಳು ಬಂತು, ಅಷ್ಟೇ. ಸಿಟ್ಟಿನ ಹೆಬ್ಬೆರಳೋ ನಂಬಿದ ಹೆಬ್ಬೆರಳೋ ಅದರಲ್ಲಿ ತಿಳಿಯುವುದಿಲ್ಲ.

ನಿಂತ ಗಾಡಿಯಲ್ಲಿ ಆಗುವ ಒಂದೇ ಒಳ್ಳೆಯ ಕೆಲಸ ಮಾಡಿದೆ. ಇಳಿದ ಮೇಲೆ ಸೀರೆ ಉಡಲು ಸಮಯವಿರುವುದಿಲ್ಲ ಅಂತ ಚೀಲ ತೆಗೆದುಕೊಂಡು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈ ಚಾಚಿದರೆ ಮೂರು ಗೋಡೆ ಒಟ್ಟಿಗೆ ತಾಗುವ ಜಾಗದಲ್ಲಿ, ಸೆರಗು ಕೊರಳಿಗೆ ಸುತ್ತಿಕೊಂಡು, ನೆಲಕ್ಕೆ ತಾಗದಂತೆ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೆರಿಗೆ ಹಿಡಿದೆ. ಏಳನೆಯ ನೆರಿಗೆಗೆ ಗಾಡಿ ಹೊರಟಿತು. ನಾನು ವಾಷ್‌ಬೇಸಿನ್ನಿನ ಮೇಲೆ ಕೂತೆ. ಅರ್ಧ ನೆರಿಗೆ ಒದ್ದೆ. ಹೊರಗೆ ಬಂದಾಗ ಕಾಯುತ್ತಿದ್ದ ಒಬ್ಬಾತ, ಜೀನ್ಸಿನಲ್ಲಿ ಒಳಹೋದವಳು ಕಡುಹಸಿರು ರೇಷ್ಮೆಯಲ್ಲಿ ಹೊರಬಂದದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಆ ದಿನ ನನಗೆ ದಾರಿ ಬಿಟ್ಟವನು ಅವನೊಬ್ಬನೇ.

ಪೀಟರ್ಸ್‌ಬರ್ಗಿನ ಹತ್ತಿರ ಇನ್ನೊಂದು ಗೂಡ್ಸು. ರಿಚ್ಮಂಡ್ ದಾಟಿದ ಮೇಲೆ ಸಿಗ್ನಲ್ಲಿಗೆಂದು ಮತ್ತೆ ನಿಂತೆವು. ಕಂಡಕ್ಟರು ಪ್ರತಿ ಸಲವೂ ಅದೇ ತಾಳ್ಮೆಯಿಂದ ಕ್ಷಮೆ ಕೇಳಿದರು. ಸುಳ್ಳು ಹೇಳದೆ ತಡ ಮಾಡುವವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಪಕ್ಕದವರು ಮೊದಲನೇ ಸ್ಯಾಂಡ್‌ವಿಚ್ ಮುಗಿಸಿ, ನನ್ನ ಕೋಡುಬಳೆ ನಾಲ್ಕು ತಿಂದು, ಕಂಬಳಿ ಹೊದ್ದು ಕೂತಿದ್ದರು.

“ನಿಮ್ಮ ತಂಗಿ ಬೇಜಾರು ಮಾಡಿಕೊಳ್ಳುವುದಿಲ್ಲವೇ?” ಅಂತ ಕೇಳಿದೆ.

“ಅವಳು ಗಾಡಿ ಬಂದ ಮೇಲೆಯೇ ಒಲೆ ಹಚ್ಚುವುದು,” ಅಂದರು. “ನಿನಗೆ ಯಾರು ಕಾಯುತ್ತಿದ್ದಾರೆ?”

ಯಾರೂ ಕಾಯುವುದಿಲ್ಲ ಅಂದೆ. 

ಅಪ್ಪನಿಗೆ ಒಂದು ನಿಯಮವಿತ್ತು. ನಮ್ಮ ಜಂಕ್ಷನ್ನಿನಿಂದ ಒಳಗಿನ ಊರುಗಳಿಗೆ ಹೋಗುವ ಒಂದು ಪುಟ್ಟ ಗಾಡಿ ಇತ್ತು. ಮೇಲ್ ಗಾಡಿಯಲ್ಲಿ ಬರುವವರು ಇಳಿದು ಅದನ್ನು ಹಿಡಿಯಬೇಕು. ರೈಲ್ವೆಯವರ ಬಾಯಲ್ಲಿ ಅದು ‘ಕನೆಕ್ಷನ್’. ಮೇಲ್ ತಡವಾದರೆ ಅಪ್ಪ ಕಂಟ್ರೋಲ್ ಆಫೀಸಿಗೆ ಫೋನು ಮಾಡಿ ಒಪ್ಪಿಸಿ ಪುಟ್ಟ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದ್ದರು. ಒಳಗೆ ಕೂತವರು ಬೈಯಲಿ, ಡ್ರೈವರು ಸೀಟಿ ಹೊಡೆಯಲಿ, ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅದೇ ಅಪ್ಪ, ಒಮ್ಮೆ ಊರಿನ ದೊಡ್ಡ ಕುಳವೊಬ್ಬರು ಪಂಚೆ ಎತ್ತಿಕೊಂಡು, ಕೊಡೆ ಬೀಸುತ್ತ, ನಿಲ್ಸಿ ನಿಲ್ಸಿ ಅಂತ ಓಡಿ ಬರುತ್ತಿರುವಾಗಲೇ ಗಾಡಿಗೆ ಹಸಿರು ತೋರಿಸಿ ಕಳಿಸಿಬಿಟ್ಟರು. ಆ ಮನುಷ್ಯ ವರ್ಷವಿಡೀ ನಮ್ಮನ್ನು ಮಾತಾಡಿಸಲಿಲ್ಲ. ಅಮ್ಮ ಕೇಳಿದ್ದಕ್ಕೆ ಅಪ್ಪ ಊಟ ಮಾಡುತ್ತ ಹೇಳಿದ್ದರು: “ಗಾಡಿಯಿಂದ ಲೇಟಾದೋರಿಗೆ ಕಾಯ್ತೀವಿ. ಮನೆಯಿಂದ ಲೇಟಾದೋರಿಗೆ ಕಾಯಲ್ಲ.”

ನಾನು ಜೀವನವಿಡೀ ಮನೆಯಿಂದ ಲೇಟಾದವಳು. ಇವತ್ತು ಕೂಡ, ಸತ್ಯ ಹೇಳಬೇಕೆಂದರೆ, ಶುಕ್ರವಾರ ಬಾ ಅಂದಾಗ ಬಂದಿದ್ದರೆ ಈ ಪಾಡಿರಲಿಲ್ಲ. ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಹೊರಟವಳು ಗೂಡ್ಸ್ ಗಾಡಿಯನ್ನು ಬೈದು ಏನು ಬಂತು? ಮದುವೆಯ ಕಳಸ ಹೋಯಿತು, ಈಗ ತೊಟ್ಟಿಲೂ ಹೋಯಿತು. ಇದ್ದೊಬ್ಬ ತಮ್ಮನ ಎರಡು ಶಾಸ್ತ್ರಕ್ಕೂ ನಾನಿಲ್ಲ. ಐದು ಗಂಟೆಗೆ ಫ್ರೆಡರಿಕ್ಸ್‌ಬರ್ಗಿನ ಈಚೆ ಎಲ್ಲೋ ನಿಂತಿದ್ದಾಗ ಅವನಿಗೆ ಬರೆದೆ: ‘ಕಾಯ್ಬೇಡ ಕಣೋ. ಆಲ್ಡಿಯವಳ ಕೈಲಿ ಹೇಳಿಸು. ಅವಳೂ ಅತ್ತೆಯೇ.’ ಕಳಿಸಿದ ಮೇಲೆ ಅತ್ತೆ. ಮುಚ್ಚುಮರೆಯಿಲ್ಲದೆ, ಮೂಗು ಸೊರಗುಟ್ಟಿಸುತ್ತ ಅತ್ತೆ. ಪಕ್ಕದವರು ಏನೂ ಕೇಳದೆ ಸ್ಯಾಂಡ್‌ವಿಚ್ಚಿನ ಜೊತೆಗಿದ್ದ ಕಾಗದದ ಕರವಸ್ತ್ರ ಕೊಟ್ಟರು. ಅದಕ್ಕೆ ಸಾಸಿವೆಯ ವಾಸನೆ ಇತ್ತು.

ತಮ್ಮನಿಂದ ಮತ್ತೊಂದು ಹೆಬ್ಬೆರಳು ಬಂತು. ಸರಿ, ಮುಗಿಯಿತು ಅಂದುಕೊಂಡೆ.

ಅಲೆಕ್ಸಾಂಡ್ರಿಯಾ ಬಂದಾಗ ಆರೂಕಾಲು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಮತ್ತೆ ಅದೇ ಸ್ಟೂಲು, ಅದೇ ಸಾಲು. ಒದ್ದೆಯಾಗಿ ಒಣಗಿ ಮುರುಟಿದ ನೆರಿಗೆ ಎತ್ತಿ ಹಿಡಿದು ಇಳಿದೆ. ಟ್ಯಾಕ್ಸಿ ಕರೆಯೋಣವೆಂದು ಫೋನು ತೆಗೆಯುತ್ತಿದ್ದಾಗ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಹತ್ತಿರ ಏನೋ ಹಳದಿ ಕಂಡಿತು. ಸೇವಂತಿಗೆ. ಮಗುವಿನ ಕಾರ್ ಸೀಟಿನ ಹಿಡಿಗೆ ಯಾರೋ ಸೇವಂತಿಗೆ ಮಾಲೆ ಸುತ್ತಿದ್ದಾರೆ. ಬೆಂಚಿನ ಮೇಲೆ ಅಕ್ಕಿ ಹರಡಿದ ತಟ್ಟೆ, ಅರಿಶಿನ ಕುಂಕುಮದ ಬಟ್ಟಲು. ಜರಿ ಸೀರೆಗೆ ಸ್ನೀಕರ್ಸ್ ಹಾಕಿಕೊಂಡ ನಾದಿನಿ. ರೇಷ್ಮೆ ಪಂಚೆಯ ಮೇಲೆ ಆಫೀಸಿನ ಜಾಕೆಟ್ ಹಾಕಿಕೊಂಡು, ಫೋನಿನಲ್ಲಿ ನಮ್ಮ ಗಾಡಿಯ ನಕ್ಷೆ ಇನ್ನೂ ತೆರೆದಿಟ್ಟುಕೊಂಡ ತಮ್ಮ.

“ನಾನು ಹೇಳಿದ್ನಲ್ಲೋ, ಕಾಯ್ಬೇಡ ಅಂತ,” ಅಂದೆ.  “ಲೇಟಾಗೋಯ್ತು ಕಣೋ, ನಾನು ಮತ್ತೆ…”

“ನೀನು ಲೇಟಾಗಿಲ್ಲ ಅಕ್ಕ. ಗಾಡಿ ಲೇಟು,” ಅಂದ. “ಅದಕ್ಕೆ ಕನೆಕ್ಷನ್ ಹಿಡಿದು ನಿಲ್ಲಿಸಿದೀನಿ.”

ನಾನು ನಿಂತಲ್ಲೇ ಮತ್ತೆ ಅತ್ತೆ.

“ಶುಕ್ರವಾರ ಬಾ ಅಂದ್ರೆ ಬರ್ಲಿಲ್ವಲ್ಲ, ಅದು ಬೇರೆ ವಿಷ್ಯ. ಅದಕ್ಕೆ ಕಾರಲ್ಲಿ ಬೈತೀನಿ. ಈಗ ಬೇಗ ಬಾ, ಇಲ್ಲೇ ಹೆಸ್ರು ಹೇಳು, ಮನೆಗೆ ಹೋಗೋ ಅಷ್ಟ್ರಲ್ಲಿ ಕತ್ತಲಾಗತ್ತೆ.”

ಮನೆಯಲ್ಲಿ ನಲವತ್ತು ಜನ ನೆಂಟರನ್ನು ಆಲ್ಡಿಯವಳ ಕೈಗೆ ಒಪ್ಪಿಸಿ ಬಂದಿದ್ದರು. ನಾದಿನಿ ಹೇಳಿದಳು, ಹೆಸರು ನೀನೇ ಹೇಳಿಬಿಡು ಅಂದದ್ದಕ್ಕೆ ಅವಳು ಒಪ್ಪಲಿಲ್ಲವಂತೆ. ಅಕ್ಕಿ ತಟ್ಟೆಯನ್ನು ಕಾರಿಗೆ ತಂದಿಟ್ಟವಳೂ, ಹೂವು ಸುತ್ತಿದವಳೂ ಅವಳೇ. ಅವಳ ಬಗ್ಗೆ ಇಷ್ಟು ವರ್ಷ ಮನಸ್ಸಿನಲ್ಲಿ ಆಡಿಕೊಂಡದ್ದನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ, ಸೌತೆಕಾಯಿಯ ಸಮೇತ.

ತಮ್ಮ ಉಂಗುರ ತೆಗೆದು ಅಕ್ಕಿಯಲ್ಲಿ ಹೆಸರು ಬರೆದ. ಮೂರು ತಿಂಗಳ ಕೂಸು ಕಾರ್ ಸೀಟಿನಲ್ಲಿ, ಮುಷ್ಟಿ ಬಾಯಿಗೆ ತುರುಕಿಕೊಂಡು ಆಪರೇಷನ್ ಆದ ಕಣ್ಣಿಗೆಂದು ನಾನು ಹಾಕಿದ್ದ ಕಪ್ಪು ಕನ್ನಡಕವನ್ನೇ ನೋಡುತ್ತಿತ್ತು. ನಾನು ಬೆಂಚಿನ ಮುಂದೆ ಮಂಡಿಯೂರಿ ಅದರ ಬಲಗಿವಿಗೆ ಬಾಯಿಟ್ಟೆ. ಮೊದಲನೇ ಸಲ ಹೆಸರು ಹೇಳಿದಾಗ ಪ್ಲಾಟ್‌ಫಾರ್ಮ್ ನಡುಗತೊಡಗಿತು. ಆಚೆ ಹಳಿಯಲ್ಲಿ ಗೂಡ್ಸ್ ಗಾಡಿ. ಬೆಳಿಗ್ಗೆಯಿಂದ ನನ್ನನ್ನು ಅಟ್ಟಿಸಿಕೊಂಡು ಬಂದದ್ದೇ ಇರಬೇಕು. ಎರಡನೇ ಸಲ, ಮೂರನೇ ಸಲ ನಾನು ಜೋರಾಗಿ ಕಿರುಚಿದರೂ ನನಗೇ ಕೇಳಿಸಲಿಲ್ಲ. ಮಗು ಮಾತ್ರ ಮುಷ್ಟಿ ಬಿಟ್ಟು ಬೊಚ್ಚು ಬಾಯಿ ತೆರೆದು ನಕ್ಕಿತು. ಗಾಡಿಗೆ ನಕ್ಕಿತೋ ಹೆಸರಿಗೋ, ನನಗೆ ಗೊತ್ತಿಲ್ಲ. ಅಪ್ಪ ಇದ್ದಿದ್ದರೆ ಗಾಡಿಗೆ ಅನ್ನುತ್ತಿದ್ದರು.

ನಾದಿನಿ ಒಂದು ಫೋಟೋ ತೆಗೆದಳು. ಮುರುಟಿದ ಸೀರೆ, ಅತ್ತು ಊದಿದ ಮೂಗು, ಕೆದರಿದ ಕೂದಲು, ಹಿಂದುಗಡೆ ಕೊನೆಯೇ ಇಲ್ಲದ ಗೂಡ್ಸ್ ಡಬ್ಬಿಗಳು. ಅಷ್ಟು ಕೆಟ್ಟ ಫೋಟೋ ನನ್ನದು ಇನ್ನೊಂದಿಲ್ಲ. ತಮ್ಮ ಅದನ್ನು ದೊಡ್ಡದು ಮಾಡಿಸಿ, ಹಾಲಿನಲ್ಲಿ ಮದುವೆಯ ಫೋಟೋದ ಪಕ್ಕದಲ್ಲೇ ಹಾಕಿದ್ದಾನೆ. ಈಗ ಆ ಮನೆಗೆ ಹೋದರೆ ನಾನು ಎದುರಿನ ಸೋಫಾದಲ್ಲಿ ಕೂರುತ್ತೇನೆ.